ನದಿದಂಡೆಯ ಮೋಟರೂ ಅಂಗೈಯಗಲದ ನಿಸ್ತಂತು ಫಲಕವೂ

ಕೃಷ್ಣಾ, ಘಟಪ್ರಭಾ ನದಿಗಳ ದಂಡೆಯ ನಮ್ಮ ಸೀಮೆಯಲ್ಲಿ ನೀರಿಲ್ಲವೆಂಬ ಕೂಗು ಹಳೆಯದು. ನೀರು ಹೆಚ್ಚಾಯಿತೆಂಬ ಕೂಗು ಹೊಸದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಎರೆಯ ಹೊಲಗಳಲ್ಲಿ ವರುಷವಿಡೀ ಕಬ್ಬು ನಿಲ್ಲುತ್ತದೆ. ಕಬ್ಬಿನ ಬುಡದಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ನೆಲದೊಳಗಿನ ಉಪ್ಪನ್ನು ಮೇಲಕ್ಕೆಳೆದು, ಬಂಗಾರದಂತಹ ಭೂಮಿಯನ್ನು ಸವಳು-ಜವಳು ಮಾಡಿಬಿಡುತ್ತದೆ. ಈ ಅನರ್ಥಕ್ಕೆ ಕಾರಣಗಳು ಹಲವುಂಟು. ಕಾಲುವೆಯೂ ಉಂಟು, ಬಸಿಗಾಲುವೆಯಿಲ್ಲದಿರುವುದೂ ಉಂಟು. ಇಂದು ಅವುಗಳೊಳಗೆ ಅತಿ ಚಿಕ್ಕದೆಂದು ತೋರುವ ಒಂದನ್ನೇ ನಾವು ಎತ್ತಿಕೊಳ್ಳುತ್ತೇವೆ. ಅದು ಮೋಟರಿನ ಸ್ಟಾರ್ಟರ್ ಪೆಟ್ಟಿಗೆಯೊಳಗಿನ 'ಆಟೋ' ಎಂಬ ಗುಂಡಿ.

ನಮ್ಮ ಕಡೆಯ ಒಕ್ಕಲುತನದ ರೀತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಬೇರೆ ಸೀಮೆಯಿಂದ ವರ್ಗವಾಗಿ ಬಂದ ಅಧಿಕಾರಿಗಳ ಸಲುವಾಗಿ ನಾಲ್ಕು ಮಾತು. ಇಲ್ಲಿ ಎಷ್ಟೋ ಒಕ್ಕಲಿಗರ ಮೋಟರು ನದಿಯ ದಂಡೆಯಲ್ಲಿ, ಹೊಲವು ಅಲ್ಲಿಂದ ಎರಡು-ಮೂರು ಕಿಲೋಮೀಟರು ಆಚೆ, ಮನೆಯು ಇನ್ನೊಂದು ದಿಕ್ಕಿಗೆ. ನಡುವೆ ನೆಲದೊಳಗೆ ಪೈಪು. ಪಂಪಸೆಟ್ಟುಗಳಿಗೆ ತ್ರೀಫೇಸ್ ವಿದ್ಯುತ್ತು ದಿನಕ್ಕೆ ಏಳು ಗಂಟೆ. ಅದೂ ಪಾಳಿಯ ಮೇಲೆ, ಕೆಲವು ಸಲ ನಡುರಾತ್ರಿಗೆ. ಕರೆಂಟು ಬಂದಾಗಲೆಲ್ಲ ಕಂದೀಲು ಹಿಡಿದುಕೊಂಡೋ ಬ್ಯಾಟರಿ ಹಿಡಿದುಕೊಂಡೋ, ಹಾವು-ಚೇಳುಗಳಿರುವ ಬದುವಿನ ಮೇಲೆ ನಡೆದು ಹೋಗಿ ಮೋಟರು ಚಾಲೂ ಮಾಡುವುದು ಯಾರಿಗೆ ಸಾಧ್ಯ? ಆದುದರಿಂದ ಅವನು ಸ್ಟಾರ್ಟರನ್ನು 'ಆಟೋ'ಕ್ಕೆ ಹಾಕಿ ಮಲಗುತ್ತಾನೆ. ಕರೆಂಟು ಬಂದೊಡನೆ ಮೋಟರು ತಾನಾಗಿ ಏಳುತ್ತದೆ, ಹೋಗುವವರೆಗೆ ಎತ್ತುತ್ತಲೇ ಇರುತ್ತದೆ. ಹೊಲಕ್ಕೆ ನೀರು ಬೇಕೋ ಬೇಡವೋ ಎಂದು ಕೇಳುವವರು ಯಾರೂ ಇಲ್ಲ. ಇದಕ್ಕಾಗಿ ಒಕ್ಕಲಿಗನನ್ನು ಹಳಿಯುವ ಸುಶಿಕ್ಷಿತರು ಒಂದು ರಾತ್ರಿ ಅವನ ಜೊತೆ ಹೊಳೆಯ ದಂಡೆಗೆ ಹೋಗಿಬರಲಿ.

ಪೇಟೆಯಲ್ಲಿ ಇದಕ್ಕೆ ಪರಿಹಾರವಿಲ್ಲವೇ? ಉಂಟು. ಮೊಬೈಲಿನಿಂದ ಮೋಟರು ಚಾಲೂ-ಬಂದ್ ಮಾಡುವ ಪೆಟ್ಟಿಗೆಗಳು ಬಂದು ಬಹುದಿನಗಳಾದುವು. ಪರಂತು ಅವುಗಳಲ್ಲಿ ಬಹಳಷ್ಟು ಮೋಟರಿನ ಸುದ್ದಿಯನ್ನು ಹೇಳುತ್ತವೆಯೇ ಹೊರತು ಹೊಲದ ಸುದ್ದಿಯನ್ನು ಹೇಳಲಾರವು. ಪ್ರತಿಯೊಂದು ಪೆಟ್ಟಿಗೆಗೂ ಒಂದು ಸಿಮ್ಮು, ಸಿಮ್ಮಿಗೆ ರಿಚಾರ್ಜು. ದಂಡೆಯ ತಗ್ಗಿನಲ್ಲಿ ಸಿಗ್ನಲ್ ಸಿಕ್ಕರೆ ಪುಣ್ಯ. ಎಲ್ಲಕ್ಕೂ ಮಿಗಿಲಾದ ಕೊರತೆ ಮತ್ತೊಂದು. ಸುಟ್ಟ ಮೋಟರನ್ನು ಬಿಚ್ಚಿ ಹೊಸ ತಂತಿ ಸುತ್ತಿಕೊಡುವ ವೈಂಡಿಂಗ್ ಕಸಬುದಾರರು ಜಮಖಂಡಿಯಲ್ಲಿದ್ದಾರೆ, ಮುಧೋಳದಲ್ಲಿದ್ದಾರೆ, ಬನಹಟ್ಟಿಯಲ್ಲಿದ್ದಾರೆ. ಆ ಮೋಟರನ್ನು ಆಳುವ ಅಂಗೈಯಗಲದ ಫಲಕವು ಕೆಟ್ಟರೆ ಮಾತ್ರ ಅದನ್ನು ಬಿಚ್ಚಿ ನೋಡುವ ಕಣ್ಣು ಇಲ್ಲಿಲ್ಲ. ಅದರ ನಕ್ಷೆ ನಮ್ಮಲ್ಲಿಲ್ಲ. ಮಾರಿದವನಲ್ಲಿಯೂ ಇರುವುದು ಸಂದೇಹ. ಮಾಡಿದ ಕಂಪನಿಯು ತನ್ನ ಸರ್ವರನ್ನು ಮುಚ್ಚಿದ ದಿನ ಕೆಡದ ಫಲಕವೂ ಕೆಟ್ಟಂತೆಯೇ ಸರಿ.

ಆ ಫಲಕದ ನಕ್ಷೆಯನ್ನು ನಾವೇ ಏಕೆ ಬರೆಯಬಾರದು ಎಂಬುದೇ ನಮ್ಮ ಇಂದಿನ ಪ್ರಶ್ನೆ.

'ಬರೆಯಬಾರದು' ಎನ್ನುವುದಕ್ಕಿಂತ 'ಬರೆಯಲಾಗದು' ಎನ್ನುವವರೇ ಹೆಚ್ಚು. ಮೊದಲು ಆ ಫಲಕವೆಂದರೇನೆಂದು ನೋಡೋಣ. ಮೈಕ್ರೊಕಂಟ್ರೋಲರ್ ಎಂಬುದು ಒಂದೇ ಚಿಪ್ಪಿನೊಳಗೆ ಅಡಗಿದ ಅತಿ ಚಿಕ್ಕ ಕಂಪ್ಯೂಟರು. ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನ ತಂತಿಗಳಿಂದ ಸುದ್ದಿ ಕೇಳುವ ಮತ್ತು ಅವುಗಳಿಗೆ ಆಜ್ಞೆ ಕೊಡುವ ಕಾಲುಗಳು, ಇಷ್ಟೂ ಅದರಲ್ಲಿರುತ್ತವೆ. ಈಗ ಅದೇ ಚಿಪ್ಪಿನೊಳಕ್ಕೆ ರೇಡಿಯೋವನ್ನೂ ಸೇರಿಸಿದ್ದಾರೆ. ಅದಕ್ಕೆ ಸುತ್ತಲೂ ವಿದ್ಯುತ್ ಒದಗಿಸುವ ಬಿಡಿಭಾಗಗಳು, ತಾಳ ಹಾಕುವ ಒಂದು ಸ್ಫಟಿಕ, ಒಂದು ಆಂಟೆನಾ; ಇವನ್ನೆಲ್ಲ ಬೆಸೆದು ಕೂರಿಸುವ ತಾಮ್ರದ ಗೆರೆಗಳುಳ್ಳ ಗಾಜುನಾರಿನ ಹಲಗೆ. ಫಲಕವೆಂದರೆ ಇಷ್ಟೇ. ಚಿಪ್ಪನ್ನು ಮಾಡಲು ಸಾವಿರಾರು ಕೋಟಿ ರೂಪಾಯಿಯ ಕಾರಖಾನೆ ಬೇಕು. ಹಲಗೆಯ ನಕ್ಷೆ ಬರೆಯಲು ಮೇಜು, ಕಂಪ್ಯೂಟರು ಮತ್ತು ತಾಳ್ಮೆ ಸಾಕು.

ಕನ್ನಡ ನಾಡಿನ ಹೊಲವೊಂದರಲ್ಲಿ ಇಂತಹ ಫಲಕಗಳನ್ನು ನೆಟ್ಟು ನೋಡಿದ್ದು ಇಂದು ನಿನ್ನೆಯ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್‌ಲೆಂಡಿನ ಲೋಜಾನ್ ತಾಂತ್ರಿಕ ವಿದ್ಯಾಪೀಠದವರ ಜೊತೆಗೂಡಿ, ಈ ಶತಮಾನದ ಮೊದಲ ದಶಕದಲ್ಲಿಯೇ, ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಚೆನ್ನಕೇಶವಪುರದಲ್ಲಿ ಮಳೆಯಾಧಾರದ ಶೇಂಗಾ ಬೆಳೆಯುವ ಬಡ ಒಕ್ಕಲಿಗರಿಗಾಗಿ ಈ ಪ್ರಯೋಗ ಮಾಡಿದರು. ಅವರು ಬಳಸಿದ ಮೈಕಾ-೨ ಎಂಬ ಫಲಕವು ಅಮೇರಿಕೆಯ ಬರ್ಕಲಿ ವಿದ್ಯಾಪೀಠದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯದ ಕಂಪನಿಯೊಂದರಿಂದ ಮಾರಾಟವಾದದ್ದು. ಅಗಲ ಮೂರು ಸೆಂಟಿಮೀಟರಿಗೆ ತುಸು ಹೆಚ್ಚು, ಉದ್ದ ಆರಕ್ಕೆ ತುಸು ಕಡಿಮೆ. ಅದರಲ್ಲಿ ಮೈಕ್ರೊಕಂಟ್ರೋಲರು ಒಂದು ಚಿಪ್ಪು, ರೇಡಿಯೋ ಬೇರೊಂದು ಚಿಪ್ಪು. ಪ್ರಯೋಗವು ಪ್ರಯೋಗವಾಗಿಯೇ ಉಳಿಯಿತು. ಪಂಡಿತರ ಕೆಲಸದಲ್ಲಿ ಕೊರತೆಯಿತ್ತೆಂದು ನಾವು ಹೇಳುತ್ತಿಲ್ಲ. ಆಗ ಫಲಕವು ತುಟ್ಟಿಯಾಗಿತ್ತು, ಪರದೇಶದಿಂದ ಬರಬೇಕಾಗಿತ್ತು, ಹಳ್ಳಿಯ ಬಳಿ ಅದನ್ನು ರಿಪೇರಿ ಮಾಡುವವನಿರಲಿಲ್ಲ. ಈಗ ಮೊದಲನೆಯ ತೊಡಕು ಹೋಗಿದೆ. ಮಿಕ್ಕೆರಡು ಹಾಗೆಯೇ ಇವೆ.

ಮೊದಲನೆಯ ತೊಡಕನ್ನು ಕಳೆದವರು ಶಾಂಘಾಯಿಯ ಎಸ್ಪ್ರೆಸಿಫ್ ಕಂಪನಿಯವರು. ೨೦೧೪ನೆಯ ಇಸವಿಯಲ್ಲಿ ಅವರ ಇಎಸ್‌ಪಿ-೮೨೬೬, ೨೦೧೬ರಲ್ಲಿ ಇಎಸ್‌ಪಿ-೩೨ ಬಂದ ಮೇಲೆ ವೈಫೈ ಉಳ್ಳ ಫಲಕವು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗತೊಡಗಿತು. ನಮ್ಮ ಜಿಲ್ಲೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪರೀಕ್ಷೆಯ ಪ್ರಾಜೆಕ್ಟಿಗೆಂದು ತರುವುದು ಬಹುಶಃ ಇದನ್ನೇ. ಕುಂಡದಲ್ಲಿ ಮಣ್ಣು ಹಾಕಿ, ತೇವ ಅಳೆಯುವ ಕಡ್ಡಿ ಚುಚ್ಚಿ, ಮೊಬೈಲಿನಲ್ಲಿ ಅಂಕಿ ತೋರಿಸಿ ಅಂಕ ಪಡೆಯುತ್ತಾರೆ. ಆಮೇಲೆ ಕುಂಡವೂ ಫಲಕವೂ ಮೂಲೆಗೆ ಸೇರುತ್ತವೆ. ಇದನ್ನು ನಾವು ಪರಿಹಾಸ್ಯಕ್ಕೆ ಹೇಳುತ್ತಿಲ್ಲ. ಕುಂಡದಿಂದ ಹೊಲಕ್ಕೆ ಹೋಗುವ ದಾರಿಯಲ್ಲಿಯೇ ನಿಜವಾದ ವಿನ್ಯಾಸದ ಕೆಲಸ ಇರುವುದು.

ಏಕೆಂದರೆ ಕಬ್ಬಿನ ಹೊಲದಲ್ಲಿ ವೈಫೈ ನಡೆಯದು. ಅದರ ಅಲೆಗಳು ೨.೪ ಗಿಗಾಹರ್ಟ್ಸಿನವು, ಉದ್ದ ಸುಮಾರು ಹನ್ನೆರಡು ಸೆಂಟಿಮೀಟರು. ಆಳೆತ್ತರಕ್ಕೂ ಮೀರಿ ಬೆಳೆದ ಹಸಿ ಕಬ್ಬಿನ ಎಲೆಗಳಲ್ಲಿ ನೀರಿದೆ. ಆ ನೀರು ಇಂತಹ ಅಲೆಗಳನ್ನು ಹೀರಿಕೊಳ್ಳುತ್ತದೆ. ಬ್ಯಾಟರಿಯ ಲೆಕ್ಕವಂತೂ ಇನ್ನೂ ಕಠಿಣ. ಕಿವಿ ತೆರೆದು ಕುಳಿತ ವೈಫೈ ಚಿಪ್ಪು ಸುಮಾರು ೮೫ ಮಿಲಿಆಂಪಿಯರು ತಿನ್ನುತ್ತದೆ. ಬೆರಳುಗಾತ್ರದ ೨೪೦೦ ಮಿಲಿಆಂಪಿಯರ್-ಗಂಟೆಯ ಲಿಥಿಯಂ ಸೆಲ್ಲನ್ನು ಅದಕ್ಕೆ ಕೊಟ್ಟರೆ ೨೮ ಗಂಟೆಯಲ್ಲಿ ಖಾಲಿ. ಇನ್ನು ಫಲಕವನ್ನು ನಿದ್ದೆಗೆ ಹಾಕಿ ಉಳಿಸೋಣವೆಂದರೆ, ಪೇಟೆಯ ಎಷ್ಟೋ ಅಗ್ಗದ ಫಲಕಗಳ ಮೇಲಿನ ರೆಗ್ಯುಲೇಟರು ಚಿಪ್ಪು ಮಲಗಿದ್ದಾಗಲೂ ತಾನೊಬ್ಬನೇ ಎಚ್ಚರವಿದ್ದು ೫ ಮಿಲಿಆಂಪಿಯರು ತಿನ್ನುತ್ತದೆ. ಇಪ್ಪತ್ತೇ ದಿನಕ್ಕೆ ಸೆಲ್ಲು ತೀರಿತು. ಚಿಪ್ಪು ಮಾಡಿದವನು ತನ್ನ ಚಿಪ್ಪು ನಿದ್ದೆಯಲ್ಲಿ ಐದೇ ಮೈಕ್ರೊಆಂಪಿಯರು ಸಾಕೆನ್ನುತ್ತದೆಂದು ಬರೆದಿರುತ್ತಾನೆ, ಅದು ಸುಳ್ಳಲ್ಲ. ಅದರ ನೆರೆಯವನು ಸಾವಿರ ಪಟ್ಟು ತಿನ್ನುವುದನ್ನು ನೋಡದೆ ಹಲಗೆ ಬರೆದವನದೇ ತಪ್ಪು. ಸಿದ್ಧ ಫಲಕವನ್ನು ಕೊಳ್ಳುವುದಕ್ಕೂ ನಮ್ಮ ಹೊಲಕ್ಕೆ ಫಲಕವನ್ನು ಬರೆಯುವುದಕ್ಕೂ ಇರುವ ಅಂತರವು ಇಂತಹ ಸಣ್ಣ ಸಂಗತಿಗಳಲ್ಲಿದೆ.

ಹಾಗಾದರೆ ಯಾವ ರೇಡಿಯೋ? ಫ್ರಾನ್ಸ್ ದೇಶದ ಗ್ರೆನೋಬಲ್ ಪಟ್ಟಣದಲ್ಲಿ ಹುಟ್ಟಿ, ೨೦೧೨ರಲ್ಲಿ ಸೆಮ್‌ಟೆಕ್ ಎಂಬ ಅಮೇರಿಕನ್ ಕಂಪನಿಯ ಕೈಸೇರಿದ 'ಲೋರಾ' ಎಂಬ ಪದ್ಧತಿಯೊಂದುಂಟು. ಅದು ಬಹಳ ಮೆಲ್ಲಗೆ, ಬಹಳ ದೂರ ಮಾತನಾಡುತ್ತದೆ. ಚಿತ್ರವನ್ನೋ ಹಾಡನ್ನೋ ಕಳಿಸಲಾರದು; 'ತೇವ ಇಷ್ಟು, ಸೆಲ್ಲು ಇಷ್ಟು' ಎಂಬ ಹತ್ತು-ಹನ್ನೆರಡು ಅಕ್ಷರಗಳನ್ನು ಬಯಲಿನಲ್ಲಿ ಹಲವು ಕಿಲೋಮೀಟರು ಮುಟ್ಟಿಸಬಲ್ಲುದು. ಹೊಲಕ್ಕೆ ಬೇಕಾದದ್ದೂ ಅಷ್ಟೇ. ೨೦೨೦ರಿಂದೀಚೆಗೆ ಎಸ್‌ಟಿ ಕಂಪನಿಯ ಎಸ್‌ಟಿಎಂ-೩೨ ಡಬ್ಲ್ಯುಎಲ್ ಎಂಬ ಚಿಪ್ಪಿನಲ್ಲಿ ಮೈಕ್ರೊಕಂಟ್ರೋಲರೂ ಈ ರೇಡಿಯೋವೂ ಒಂದಾಗಿಯೇ ಬರುತ್ತಿವೆ. ಲೆಕ್ಕ ಹಾಕಿ ನೋಡಿರಿ: ಅರ್ಧ ಗಂಟೆಗೊಮ್ಮೆ ಎದ್ದು, ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತು ೧೨೦ ಮಿಲಿಆಂಪಿಯರಿನಲ್ಲಿ ಕೂಗಿ ಮಲಗಿದರೆ, ನಿದ್ದೆಯ ಖರ್ಚೂ ಸೇರಿ ದಿನಕ್ಕೆ ಒಂದು ಮಿಲಿಆಂಪಿಯರ್-ಗಂಟೆಯೂ ಆಗದು. ಅದೇ ಸೆಲ್ಲು ಕಾಗದದ ಮೇಲೆ ಏಳೆಂಟು ವರುಷ ನಡೆಯಬೇಕು. ತೇವದ ಕಡ್ಡಿಯ ಪಾಲು, ಬೇಸಿಗೆಯ ಝಳ, ಸೆಲ್ಲಿನ ಮುಪ್ಪು ಇವನ್ನೆಲ್ಲ ಕಳೆದು ಅರ್ಧವೇ ಹಿಡಿದರೂ ಮೂರು ಕಬ್ಬಿಗೆ ಮೋಸವಿಲ್ಲ.

ಇಲ್ಲಿ ಕಾಯಿದೆಯ ಮಾತು ಬರುತ್ತದೆ. ಅಧಿಕಾರಿಗಳೂ ವಕೀಲರೂ ಇದನ್ನು ಕೇಳಿಯೇ ಕೇಳುತ್ತಾರೆ. ನಿಸ್ತಂತು ಯಂತ್ರವನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದನ್ನೇ ಅಪರಾಧವೆಂದು ಸಾರಿದ್ದು ಪರಕೀಯ ಸರಕಾರದ ೧೯೩೩ರ ಕಾಯಿದೆ. ಅದರ ನೆರಳಿನಲ್ಲಿಯೇ ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವನ್ನು ಹೂಡಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹಬ್ಬಿತು. ೧೯೪೨ರಲ್ಲಿ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಮುಂಬಯಿಯಲ್ಲಿ ಮನೆಯಿಂದ ಮನೆಗೆ ಟ್ರಾನ್ಸ್‌ಮಿಟರನ್ನು ಸಾಗಿಸುತ್ತ ಸುಮಾರು ಮೂರು ತಿಂಗಳು ಗುಪ್ತ ಕಾಂಗ್ರೆಸ್ ರೇಡಿಯೋವನ್ನು ನಡೆಯಿಸಿ, ನವಂಬರದಲ್ಲಿ ಸೆರೆಸಿಕ್ಕರು. ಇಂದಿನ ಒಕ್ಕಲಿಗನ ಮಗನಿಗೆ ಅಂತಹ ಸಾಹಸದ ಅವಶ್ಯಕತೆಯಿಲ್ಲ. ೨೦೦೫ರಲ್ಲಿ ಭಾರತ ಸರಕಾರವು ವೈಫೈಯ ೨.೪ ಗಿಗಾಹರ್ಟ್ಸ್ ಪಟ್ಟಿಯನ್ನೂ ೮೬೫ರಿಂದ ೮೬೭ ಮೆಗಾಹರ್ಟ್ಸಿನ ಪಟ್ಟಿಯನ್ನೂ ಅಲ್ಪಶಕ್ತಿಯ ಯಂತ್ರಗಳಿಗೆ ಪರವಾನಗಿಯಿಲ್ಲದೆ ಬಿಟ್ಟುಕೊಟ್ಟಿತು. ೨೦೨೧ರಲ್ಲಿ ಎರಡನೆಯದನ್ನು ೮೬೮ರ ವರೆಗೆ ಬೆಳೆಯಿಸಿತು. ಅಲ್ಲಿ ಟ್ರಾನ್ಸ್‌ಮಿಟರಿನ ಶಕ್ತಿಯು ಒಂದು ವ್ಯಾಟನ್ನು ಮೀರಬಾರದು. ನಮ್ಮ ಫಲಕಕ್ಕೆ ಅದರ ಆರನೆಯ ಒಂದು ಪಾಲು ಸಾಕು. ಆದರೆ ಫಲಕವನ್ನು ಮಾರಾಟಕ್ಕೆ ಇಡುವುದಾದರೆ ಕೇಂದ್ರ ಸರಕಾರದ ನಿಸ್ತಂತು ಯೋಜನಾ ವಿಭಾಗದ ಮಾದರಿ ಮಂಜೂರಾತಿ ಬೇಕೇ ಬೇಕು. ಇದನ್ನು ಕಿರುಕುಳವೆಂದು ಭಾವಿಸಲಾಗದು. ಆಕಾಶವೂ ಊರ ಕೆರೆಯಂತೆ ಎಲ್ಲರದು. ಒಬ್ಬನ ಯಂತ್ರವು ರಾಡಿ ಎಬ್ಬಿಸಿದರೆ ಎಲ್ಲರ ನೀರೂ ಕೆಡುತ್ತದೆ.

ಇನ್ನು ವಿನ್ಯಾಸದ ತಿರುಳು. ನಮ್ಮ ಪೈಕಿ ಹಲವರು ಚಿಪ್ಪೇ ಸರ್ವಸ್ವವೆಂದು ತಿಳಿದಿದ್ದಾರೆ. ವಿಷಯವನ್ನು ಬಲ್ಲವರನ್ನು ಕೇಳಿದರೆ ಅವರು ಮೊದಲು ಎತ್ತುವ ಮಾತು ಆಂಟೆನಾದ್ದು. ೮೬೫ ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು ಮೂವತ್ತೈದು ಸೆಂಟಿಮೀಟರು. ಅದರ ಕಾಲುಪಾಲು, ಎಂದರೆ ಎಂಟೂವರೆ ಸೆಂಟಿಮೀಟರಿನ ಆಸುಪಾಸಿನ ಒಂದು ತಂತಿ, ಅತಿ ಸುಲಭವಾದ ಆಂಟೆನಾ. ಪರಂತು ಅದು ಅರ್ಧ ಆಂಟೆನಾ ಮಾತ್ರ. ಉಳಿದರ್ಧವು ಹಲಗೆಯ ಮೇಲಿನ ತಾಮ್ರದ ಹಾಸು. ತಕ್ಕಡಿಯ ಒಂದು ತಟ್ಟೆಯನ್ನು ಕೊಯ್ದು ತೂಕ ಮಾಡಿದರೆ ಹೇಗೋ, ಹಾಸನ್ನು ಕೊಯ್ದು ಹಲಗೆಯನ್ನು ಚಿಕ್ಕದು ಮಾಡಿದರೆ ಹಾಗೆಯೇ. ವೈಫೈಯ ಅಲೆ ಗಿಡ್ಡವಾದುದರಿಂದ ಅದರ ಫಲಕವು ಎರಡು ಬೆರಳಗಲವಾದರೂ ನಡೆದೀತು. ಲೋರಾದ ಫಲಕವನ್ನು ಹಾಗೆ ಕುಗ್ಗಿಸಿದರೆ ದೂರವು ಕುಗ್ಗುತ್ತದೆ. ಅಂಗೈಯಗಲವೆಂದು ನಾವು ಶಿರೋನಾಮೆಯಲ್ಲಿ ಬರೆದುದು ಅಲಂಕಾರಕ್ಕಲ್ಲ, ಅದೇ ಸರಿಯಾದ ಅಳತೆ. ಚಿಕ್ಕದಾದಷ್ಟೂ ಒಳ್ಳೆಯದೆಂಬ ಈಗಿನ ಮರುಳು ಕಿಸೆಯೊಳಗೆ ಇಡುವ ಸಾಮಾನಿಗೆ ಸರಿ, ಬದುವಿನ ಮೇಲೆ ನೆಡುವ ಗೂಟಕ್ಕಲ್ಲ.

ಚಿಪ್ಪಿನಿಂದ ಆಂಟೆನಾದ ವರೆಗೆ ಹೋಗುವ ತಾಮ್ರದ ಗೆರೆಯದೂ ಒಂದು ಶಾಸ್ತ್ರ. ರೇಡಿಯೋ ಅಲೆಗೆ ಅದು ಗೆರೆಯಲ್ಲ, ಕಾಲುವೆ. ಕಾಲುವೆಯ ಅಗಲವು ಒಂದು ಕಡೆ ಹಿಗ್ಗಿ ಒಂದು ಕಡೆ ತಗ್ಗಿದರೆ ನೀರು ಹಿಮ್ಮೆಟ್ಟುವಂತೆ ಇಲ್ಲಿ ಅಲೆಯು ಹಿಮ್ಮೆಟ್ಟುತ್ತದೆ. ಐವತ್ತು ಓಮ್ ಎಂಬ ಲೆಕ್ಕಕ್ಕೆ ಸರಿಹೊಂದಬೇಕಾದರೆ, ಎರಡು ಪದರಿನ ಸಾಮಾನ್ಯ ೧.೬ ಮಿಲಿಮೀಟರು ದಪ್ಪದ ಹಲಗೆಯಲ್ಲಿ ಆ ಗೆರೆ ಸುಮಾರು ಮೂರು ಮಿಲಿಮೀಟರು ಅಗಲವಿರಬೇಕಾಗುತ್ತದೆ. ನಾಲ್ಕು ಪದರಿನ ಹಲಗೆಯಲ್ಲಿ ತಾಮ್ರದ ಹಾಸು ಸಮೀಪಕ್ಕೆ ಬರುವುದರಿಂದ ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಸಾಕಾಗುತ್ತದೆ. ನಾಲ್ಕು ಪದರಿನದು ತುಟ್ಟಿ. ಗೆರೆಯನ್ನು ಒಂದು ಸೆಂಟಿಮೀಟರಿಗಿಂತ ಉದ್ದವಾಗಗೊಡದಿದ್ದರೆ ಎರಡು ಪದರಿನದರಲ್ಲಿಯೇ ಕೆಲಸ ತೂಗಿಸಬಹುದು. ಇಂತಹ ತೀರ್ಮಾನಗಳನ್ನು ಪರದೇಶದಲ್ಲಿ ಕುಳಿತವನು ನಮಗಾಗಿ ಮಾಡಲಾರನು, ಏಕೆಂದರೆ ನಮ್ಮ ಕಿಸೆ ಅವನಿಗೆ ಗೊತ್ತಿಲ್ಲ.

ಅವನಿಗೆ ನಮ್ಮ ಬಿಸಿಲೂ ಗೊತ್ತಿಲ್ಲ. ಬಾಗಲಕೋಟೆ ಜಿಲ್ಲೆಯ ಏಪ್ರಿಲ್ ತಿಂಗಳಲ್ಲಿ ನೆರಳೇ ನಾಲ್ವತ್ತು ಡಿಗ್ರಿ. ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಎಷ್ಟೆಂದು ಊಹಿಸಿರಿ. ಕಾವೇರಿದಾಗ ಸಾದಾ ಸ್ಫಟಿಕದ ತಾಳ ತಪ್ಪುತ್ತದೆ. ಮೆಲ್ಲಗೆ ಮಾತನಾಡುವ ಲೋರಾಗೆ ತಾಳವೇ ಪ್ರಾಣ. ತಾಪವನ್ನು ಸರಿದೂಗಿಸಿಕೊಳ್ಳುವ ಸ್ಫಟಿಕವನ್ನೇ ಹಾಕಬೇಕು, ಅಲ್ಲಿ ನಾಲ್ಕು ಕಾಸು ಉಳಿಸಬಾರದು. ಇನ್ನು ದಂಡೆಯಲ್ಲಿ ಮೋಟರಿನ ಪಕ್ಕದ ಫಲಕ. ಅದಕ್ಕೆ ಮೊದಲನೆಯ ಶತ್ರು ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆ. ಕಬ್ಬಿಣದೊಳಗೆ ಕೂಡಿಹಾಕಿದ ರೇಡಿಯೋ ಮೂಕ. ಆಂಟೆನಾ ಪೆಟ್ಟಿಗೆಯ ಹೊರಗೆ, ಆದಷ್ಟು ಎತ್ತರದಲ್ಲಿರಬೇಕು. ಎರಡನೆಯ ಶತ್ರು ಸ್ಟಾರ್ಟರಿನ ಕಾಯಿಲು. ಅದು ಬಿಡುವಾಗ ಹಾರಿಸುವ ಕಿಡಿಯ ಏಟಿಗೆ ಚಿಪ್ಪು ತಲೆತಿರುಗಿ ಬಿದ್ದೀತು. ಆದುದರಿಂದ ಚಿಪ್ಪಿಗೂ ಕಾಯಿಲಿಗೂ ತಂತಿಯ ನಂಟು ಇರಗೊಡದೆ, ಬೆಳಕಿನ ಮೂಲಕ ಆಜ್ಞೆ ದಾಟಿಸುವ ಬಿಡಿಭಾಗವನ್ನು ನಡುವೆ ಇಡಬೇಕು. ಮೂರನೆಯದು ಸಿಡಿಲು, ನಾಲ್ಕನೆಯದು ಹೊಳೆ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿ ಬಂದಾಗ ದಂಡೆಯ ಮೋಟರುಗಳ ಗತಿಯೇನಾಯಿತೆಂಬುದನ್ನು ಈ ಸೀಮೆಯ ಜನ ಮರೆತಿಲ್ಲ. ಮೋಟರು ಚಾಲೂ ಮಾಡುವ ಫಲಕಕ್ಕೆ ನೀರಿನ ಮಟ್ಟ ಅಳೆಯುವ ಒಂದು ಕಾಲು ಹೆಚ್ಚಿಗೆ ಕೊಟ್ಟರೆ, ಹೊಳೆಯು ಏರುತ್ತಿದೆಯೆಂದು ಅದು ಮೊದಲೇ ಕೂಗಬಲ್ಲುದು. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ-ಮನೆಗಳನ್ನು ಕಳೆದುಕೊಂಡು ಉಳಿದ ತುಂಡಿನಲ್ಲಿ ಬಾಳುವೆ ಮಾಡುತ್ತಿರುವ ಬೀಳಗಿಯ ಒಕ್ಕಲಿಗನಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಮತ್ತೊಂದು ಗಂಡಾಂತರವನ್ನು ನಮ್ಮ ಉತ್ಸಾಹಿ ತರುಣರು ಮರೆಯುತ್ತಾರೆ. ಆಕಾಶದಲ್ಲಿ ಕೂಗಿದ ಮಾತನ್ನು ಯಾರೂ ಕೇಳಬಹುದು, ಯಾರೂ ಅಣಕಿಸಬಹುದು. ಅಣ್ಣತಮ್ಮಂದಿರ ನಡುವೆ ನೀರಿನ ವ್ಯಾಜ್ಯವಿರುವ ಊರಿನಲ್ಲಿ ನೆರೆಯವನ ಮೋಟರನ್ನು ಕುಳಿತಲ್ಲಿಂದಲೇ ಬಂದ್ ಮಾಡುವ ವಿದ್ಯೆ ಹಬ್ಬಿದರೆ ಪೋಲೀಸರಿಗೆ ಕೆಲಸ ಹೆಚ್ಚೀತು. ಪ್ರತಿ ಫಲಕಕ್ಕೂ ತನ್ನದೇ ಆದ ಗುಪ್ತ ಕೀಲಿಯಿರಬೇಕು. ನೂರು ಫಲಕಕ್ಕೆ ಒಂದೇ ಕೀಲಿ ಹಾಕುವ ಸೋಮಾರಿತನವು ಮೋಸಕ್ಕೆ ಸಮಾನ. ಅಲ್ಲದೆ, ಆಜ್ಞೆ ತಲುಪದೆ ಹೋದರೆ ಮೋಟರು ಓಡುತ್ತಲೇ ಇರಬಾರದು. ಇಷ್ಟು ಹೊತ್ತಿನೊಳಗೆ 'ಇನ್ನೂ ನಡೆಸು' ಎಂಬ ಮಾತು ಬಾರದಿದ್ದರೆ ತಾನಾಗಿ ನಿಲ್ಲತಕ್ಕದ್ದು. ಪೈಪಿನಲ್ಲಿ ನೀರಿಲ್ಲದಿದ್ದರೂ ನಿಲ್ಲತಕ್ಕದ್ದು. ಈ ನಿಯಮವನ್ನು ಬರೆಯದ ಫಲಕಕ್ಕಿಂತ 'ಆಟೋ' ಗುಂಡಿಯೇ ವಾಸಿ.

ಇಷ್ಟೆಲ್ಲ ಹೇಳಿದ ಮೇಲೆ ಸ್ವದೇಶಿ ವ್ರತದ ಹಿರಿಯರು ಒಂದು ಆಕ್ಷೇಪವನ್ನು ಎತ್ತುವರೆಂದು ನಾವು ಬಲ್ಲೆವು. ಚಿಪ್ಪು ಪರದೇಶದ್ದು, ರೇಡಿಯೋ ಪದ್ಧತಿಯು ಪರದೇಶದ್ದು, ಹಲಗೆಯನ್ನು ಇಲ್ಲಿ ಬರೆದ ಮಾತ್ರಕ್ಕೆ ಅದು ಸ್ವದೇಶಿಯಾಯಿತೇ? ಪೂರ್ತಿಯಾಗಲಿಲ್ಲ, ಅದನ್ನು ಒಪ್ಪುತ್ತೇವೆ. ಆದರೆ ರಬಕವಿ-ಬನಹಟ್ಟಿಯ ಮಗ್ಗದ ಮನೆಗಳನ್ನು ನೋಡಿರಿ. ನೂಲು ಹೊರಗಿನಿಂದ ಬರುತ್ತದೆ, ಬಣ್ಣ ಹೊರಗಿನಿಂದ ಬರುತ್ತದೆ; ಸೀರೆ ಬನಹಟ್ಟಿಯದು. ಅಂಚು ಹೇಗಿರಬೇಕು, ಸೆರಗು ಹೇಗಿರಬೇಕೆಂಬ ತಿಳಿವಳಿಕೆ ನೇಕಾರನ ತಲೆಯಲ್ಲಿದೆ, ಮಗ್ಗ ಕೆಟ್ಟರೆ ಅವನೇ ರಿಪೇರಿ ಮಾಡುತ್ತಾನೆ. ನಾಳೆ ನೂಲಿನ ವ್ಯಾಪಾರಿಯನ್ನು ಬದಲಿಸಿದರೂ ಅವನ ಕಸಬು ನಿಲ್ಲದು. ಫಲಕದ ನಕ್ಷೆ ನಮ್ಮ ಕೈಯಲ್ಲಿದ್ದರೆ ಚಿಪ್ಪಿನ ಸಂಗತಿಯೂ ಹಾಗೆಯೇ.

ಆ ನೂಲನ್ನೂ ಈ ದೇಶದಲ್ಲಿ ತೆಗೆಯುವ ಯತ್ನ ನಡೆದಿದೆ. ತಿರುವನಂತಪುರದ ಸಿ-ಡ್ಯಾಕ್ ಸಂಸ್ಥೆಯ 'ವೇಗ' ಮಾಲೆಯ ತೇಜಸ್-೩೨ ಎಂಬ ಮೈಕ್ರೊಕಂಟ್ರೋಲರು ಮತ್ತು ಅದನ್ನು ಹೊತ್ತ 'ಏರೀಸ್' ಫಲಕಗಳು ಬಂದಿವೆ; ಮದರಾಸಿನ ಐಐಟಿಯಲ್ಲಿ 'ಶಕ್ತಿ' ಎಂಬ ಪ್ರೊಸೆಸರುಗಳನ್ನು ರೂಪಿಸಿದ್ದಾರೆ. ಎರಡೂ ನಿಂತಿರುವುದು ೨೦೧೦ರಲ್ಲಿ ಬರ್ಕಲಿಯಲ್ಲಿ ಆರಂಭವಾದ ರಿಸ್ಕ್-ಫೈವ್ ಎಂಬ, ಯಾರಿಗೂ ರಾಯಧನ ಕೊಡಬೇಕಾಗಿಲ್ಲದ ಮುಕ್ತ ನಿಯಮಾವಳಿಯ ಮೇಲೆ. ಶಾಂಘಾಯಿಯವರ ಇಎಸ್‌ಪಿ-೩೨ ಸಿ-೩ ನಿಂತಿರುವುದೂ ಅದರ ಮೇಲೆಯೇ. ಆದರೆ ಅವರು ಅದರೊಳಗೆ ರೇಡಿಯೋವನ್ನೂ ಕೂಡಿಸಿದ್ದಾರೆ. ನಮ್ಮ ತೇಜಸ್‌ನ ಪಕ್ಕದಲ್ಲಿ ರೇಡಿಯೋ ಚಿಪ್ಪನ್ನು ಬೇರೆಯಾಗಿ ಕೂರಿಸಬೇಕು. ನಿಯಮಾವಳಿ ಇಬ್ಬರಿಗೂ ತೆರೆದಿದ್ದಾಗ ರೇಡಿಯೋ ಒಬ್ಬರಲ್ಲಿ ಮಾತ್ರ ಏಕಿದೆಯೆಂಬುದನ್ನು ದಿಲ್ಲಿಯವರು ವಿಚಾರಿಸಲಿ.

ಬೆಂಗಳೂರಿನ 'ಸಿಂ‌ಪ್ಯೂಟರ್' ಪ್ರಕರಣವನ್ನೂ ಈ ಸಂದರ್ಭದಲ್ಲಿ ನೆನೆಯುವುದು ಲೇಸು. ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್ ಮೊದಲಾದ ಪಂಡಿತರು ಎನ್‌ಕೋರ್ ಕಂಪನಿಯವರೊಡನೆ ಸೇರಿ, ಓದುಬರಹ ಬಾರದವನಿಗೂ ಒದಗುವ ಅಂಗೈ ಕಂಪ್ಯೂಟರೊಂದನ್ನು ೨೦೦೧ರಲ್ಲಿ ರೂಪಿಸಿದರು. ಚಿಪ್ಪು ಇಂಟೆಲ್ಲಿನದು, ಫಲಕ ನಮ್ಮವರದು. ಅದರ ನಕ್ಷೆಯನ್ನು ಒಂದು ಟ್ರಸ್ಟಿನ ಮೂಲಕ ಲೋಕಕ್ಕೆ ತೆರೆದಿಟ್ಟರು. ೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸಿನವರು ಮಾಡಿ ಪೇಟೆಗೆ ತಂದರು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 'ನೋಡಿದಿರಾ, ನಮ್ಮವರಿಂದ ಆಗದು' ಎಂದು ನಗುವವರಿಗೆ ಅಂದೂ ಬರವಿರಲಿಲ್ಲ. ನಾವು ಅದರಿಂದ ಕಲಿಯುವುದು ಬೇರೆ: ಎಲ್ಲರ ಎಲ್ಲ ಕೆಲಸಕ್ಕೂ ಒಂದೇ ಯಂತ್ರವೆಂದು ಹೊರಟರೆ ಲೋಕದ ಎಲ್ಲ ಕಂಪನಿಗಳೊಡನೆಯೂ ಕುಸ್ತಿ ಹಿಡಿಯಬೇಕಾಗುತ್ತದೆ. ನದಿದಂಡೆಯ ಮೋಟರಿಗೂ ಕಬ್ಬಿನ ಹೊಲಕ್ಕೂ ಒಂದು ಫಲಕವೆಂದರೆ ಕುಸ್ತಿಯ ಕಣ ನಮ್ಮದೇ ಊರು.

ಹಣವೆಲ್ಲಿಂದ ಎಂಬ ಪ್ರಶ್ನೆಗೆ ಉತ್ತರವು ದೂರದಲ್ಲಿಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ೧೯೮೯ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ಒಕ್ಕಲಿಗರು ಸರಕಾರದ ದಾರಿ ಕಾಯದೆ, ತಮ್ಮ ವಂತಿಗೆಯಿಂದಲೂ ಬೆವರಿನಿಂದಲೂ ಕೃಷ್ಣೆಗೆ ಅಡ್ಡವಾಗಿ ಬ್ಯಾರೇಜನ್ನು ಕಟ್ಟಿದರು. 'ಶ್ರಮಬಿಂದು ಸಾಗರ'ವೆಂಬ ಅದರ ಹೆಸರೇ ಕತೆಯನ್ನು ಹೇಳುತ್ತದೆ. ನದಿಗೆ ಒಡ್ಡು ಹಾಕಿದ ಜನರಿಗೆ ಫಲಕವೊಂದರ ಖರ್ಚು ಭಾರವೇ? ನಕ್ಷೆ ಬರೆಯುವ 'ಕಿಕ್ಯಾಡ್' ಎಂಬ ತಂತ್ರಾಂಶಕ್ಕೆ ಬೆಲೆಯೇ ಇಲ್ಲ. ಫ್ರಾನ್ಸಿನ ಉಪಾಧ್ಯಾಯನೊಬ್ಬನು ೧೯೯೨ರಲ್ಲಿ ಆರಂಭಿಸಿದ ಅದನ್ನು ಇಂದು ಲೋಕವೆಲ್ಲ ಬಳಸುತ್ತದೆ. ಆಂಟೆನಾವನ್ನು ಒರೆಗೆ ಹಚ್ಚುವ ಯಂತ್ರಕ್ಕೆ ಹಿಂದೆ ಲಕ್ಷಗಟ್ಟಲೆ ಬೇಕಾಗಿತ್ತು. ಜಪಾನದ ಹವ್ಯಾಸಿಯೊಬ್ಬನು ನಕ್ಷೆಯನ್ನು ಬಿಚ್ಚಿಟ್ಟ 'ನ್ಯಾನೊ-ವಿಎನ್ಎ' ಎಂಬ ಅಂಗೈಗಾತ್ರದ ಉಪಕರಣವು ಇಂದು ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ನಮ್ಮ ತಾಲೂಕುಗಳ ಸಕ್ಕರೆ ಕಾರಖಾನೆಗಳು ಒಂದು ದಿನದ ಕಾಕಂಬಿಯ ಹಣದಲ್ಲಿ ಇವೆಲ್ಲವನ್ನೂ ಒದಗಿಸಬಲ್ಲವು. ಕಬ್ಬು ಬೆಳೆಯುವ ಭೂಮಿ ಸವಳಾದರೆ ಅವುಗಳ ಗಾಣಕ್ಕೂ ಕೆಲಸವಿರುವುದಿಲ್ಲವೆಂಬುದನ್ನು ಮಾಲಕರು ಮನಗಂಡಿರಬೇಕು.

ಬೇಕಾದದ್ದು ಕೂಡಿಸುವ ಕೈ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ೧೯೬೩ರಿಂದ ನಡೆದು ಬಂದಿದೆ. ೨೦೦೮ರಿಂದ ಅಲ್ಲಿಯೇ ತೋಟಗಾರಿಕೆಯ ವಿಶ್ವವಿದ್ಯಾಲಯವಿದೆ. ಮುಧೋಳದಲ್ಲಿಯೂ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿದೆ. ಒಂದು ಕಡೆ ಹಲಗೆ ಬಲ್ಲವರು, ಒಂದು ಕಡೆ ಬೆಳೆ ಬಲ್ಲವರು. ಈ ಇಬ್ಬರನ್ನೂ ವೈಂಡಿಂಗ್ ಅಂಗಡಿಯ ಕಸಬುದಾರನನ್ನೂ ಒಂದೇ ಮೇಜಿಗೆ ಕರೆತರುವುದು ಜಿಲ್ಲಾಧಿಕಾರಿಗಳಿಗೆ ಕಷ್ಟದ ಕೆಲಸವಲ್ಲ. ಕಸಬುದಾರನನ್ನು ಬಿಟ್ಟು ಸಭೆ ಕರೆದರೆ ಮಾತ್ರ ಚಹಾ ಕುಡಿದು ಏಳಬೇಕಾದೀತು. ಸ್ಟಾರ್ಟರಿನ ಪೆಟ್ಟಿಗೆಯೊಳಗೆ ಎಲ್ಲಿ ನೀರು ಇಳಿಯುತ್ತದೆ, ಇರುವೆ ಎಲ್ಲಿ ಗೂಡು ಕಟ್ಟುತ್ತದೆಂಬುದು ಅವನಿಗೊಬ್ಬನಿಗೇ ಗೊತ್ತು.

ಮೊದಲ ವರುಷಕ್ಕೆ ತಾಲೂಕಿಗೆ ಹತ್ತರಂತೆ ನಾಲ್ವತ್ತು ಹೊಲ ಸಾಕೆಂದು ನಮಗೆ ತೋರುತ್ತದೆ. ಹೊಸ ಕಬ್ಬು ನಾಟಿಯಾಗುವ ಮುನ್ನ ಫಲಕಗಳನ್ನು ನೆಟ್ಟು, ಕಟಾವಿನ ವರೆಗೆ ಮೋಟರು ಎಷ್ಟು ಗಂಟೆ ಓಡಿತೆಂಬುದನ್ನು, ಪಕ್ಕದ 'ಆಟೋ' ಹೊಲದ ಲೆಕ್ಕದೊಡನೆ ಹಚ್ಚಿ ನೋಡಬೇಕು. ಕೆಟ್ಟ ಫಲಕಗಳೆಷ್ಟು, ಏಕೆ ಕೆಟ್ಟುವೆಂಬ ಪಟ್ಟಿಯನ್ನು ಮುಚ್ಚಿಡಬಾರದು. ಹಲಗೆಯ ನಕ್ಷೆಯು ಒಂದು ಪುಟದಲ್ಲಿ ಹಿಡಿಯುವಂಥದು. ಬರೆದು ಮುಗಿಸಿದವರು ನಮ್ಮ ಕಚೇರಿಗೆ ಕಳುಹಿಸಿದರೆ, ಬಿಡಿಭಾಗಗಳ ಹೆಸರು-ಅಳತೆಗಳೊಡನೆ ಅದನ್ನು ಈ ಪತ್ರಿಕೆಯಲ್ಲಿ ಪೂರ್ಣಪುಟದಲ್ಲಿ, ಜಾಹೀರಾತಿನ ದರವಿಲ್ಲದೆ ಅಚ್ಚು ಹಾಕುತ್ತೇವೆ.